ಗಿಡ್ಡ ಏಣಿ, ಓರೆಯಾದ ಅಟ್ಟ

ಕೇಳುಗರಿಗೆ ನಮಸ್ಕಾರ.

ಅಟ್ಟಕ್ಕೆ ಇಟ್ಟ ಏಣಿ ಒಂದು ಮೆಟ್ಟಿಲು ಗಿಡ್ಡವಾದರೆ ಹತ್ತಲಾಗದು. ಅರೆವಾಹಕದೊಳಗಿನ ಎಲೆಕ್ಟ್ರಾನಿನ ಪಾಡೂ ಇದೇ. ಗ್ಯಾಲಿಯಂ ಆರ್ಸೆನೈಡ್ ಹರಳಿನಲ್ಲಿ ಅದು ಕೆಳಪಟ್ಟಿಯಿಂದ ಮೇಲ್ಪಟ್ಟಿಗೆ, ಅಂದರೆ ಕಡಿಮೆ ಶಕ್ತಿಯ ನೆಲೆಗಳಿಂದ ಹೆಚ್ಚು ಶಕ್ತಿಯ ನೆಲೆಗಳಿಗೆ, ಏರಲು ಕೋಣೆಯ ತಾಪಮಾನದಲ್ಲಿ ಸುಮಾರು 1.42 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಬೆಳಕಿನ ಕಣ ಅಷ್ಟನ್ನು ತಂದರೆ ಹರಳು ಅದನ್ನು ನುಂಗುತ್ತದೆ. ತುಸು ಕಡಿಮೆ ತಂದರೆ ಬೆಳಕು ಗಾಜನ್ನು ದಾಟಿದಂತೆ ದಾಟಿಹೋಗುತ್ತದೆ.

1958ರಲ್ಲಿ ಜರ್ಮನಿಯ ವಾಲ್ಟರ್ ಫ್ರಾಂಟ್ಸ್ ಮತ್ತು ಮಾಸ್ಕೋದ ಲಿಯೊನಿದ್ ಕೆಲ್ಡಿಶ್ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಒಂದೇ ಉತ್ತರಕ್ಕೆ ಬಂದರು: ಬಲವಾದ ವಿದ್ಯುತ್ ಕ್ಷೇತ್ರವಿದ್ದರೆ, ದಾಟಿಹೋಗಬೇಕಿದ್ದ ಆ ಬೆಳಕನ್ನೂ ಹರಳು ಹೀರತೊಡಗುತ್ತದೆ.

ಹೇಗೆ? ಕ್ಷೇತ್ರವು ಕೆಳಪಟ್ಟಿಯೆಂಬ ನೆಲವನ್ನೂ ಮೇಲ್ಪಟ್ಟಿಯೆಂಬ ಅಟ್ಟವನ್ನೂ ಒಟ್ಟಿಗೆ ಓರೆ ಮಾಡುತ್ತದೆ. ನೆತ್ತಿಯ ಮೇಲಿನ ಎತ್ತರ ಮೊದಲಿನಷ್ಟೇ ಇರುತ್ತದೆ. ಆದರೆ ಸ್ವಲ್ಪ ಪಕ್ಕದಲ್ಲಿ, ಅಟ್ಟವು ಗಿಡ್ಡ ಏಣಿಯ ತುದಿಯ ಮಟ್ಟಕ್ಕೇ ಇಳಿದಿರುತ್ತದೆ. ನಡುವಿನ ಜಾಗ ಎಲೆಕ್ಟ್ರಾನಿಗೆ ನಿಷಿದ್ಧ. ಆದರೂ ಅಲೆಯ ಸ್ವಭಾವದ ಎಲೆಕ್ಟ್ರಾನ್ ಸುರಂಗ ಕೊರೆದಂತೆ ಅದನ್ನು ದಾಟಬಲ್ಲದು. ಕ್ಷೇತ್ರ ಬಲಗೊಂಡಷ್ಟೂ ಓರೆ ಹೆಚ್ಚು, ದಾಟಬೇಕಾದ ದೂರ ಕಡಿಮೆ. ಈ ಓರೆಯ ಚಿತ್ರ ನನಗೆ ಬಹಳ ಪ್ರಿಯ. ಕಠಿಣ ಗಣಿತದ ತಿರುಳೆಲ್ಲ ಇದರಲ್ಲೇ ಇದೆ.

ಬೇಕಾದ ಕ್ಷೇತ್ರ ಸೆಂಟಿಮೀಟರಿಗೆ ಲಕ್ಷ ವೋಲ್ಟಿನ ಆಸುಪಾಸು. ಗಾಬರಿಯಾಗಬೇಡಿ. ಪದರದ ದಪ್ಪ ಒಂದೇ ಮೈಕ್ರೋಮೀಟರ್ ಇದ್ದರೆ ಹತ್ತು ವೋಲ್ಟ್ ಸಾಕು.

1984ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೇವಿಡ್ ಮಿಲ್ಲರ್ ಮತ್ತು ಸಂಗಡಿಗರು ಸುಮಾರು 10 ನ್ಯಾನೋಮೀಟರ್ ದಪ್ಪದ ಪದರಗಳಲ್ಲಿ ಇನ್ನೂ ಹರಿತವಾದ ಪರಿಣಾಮವನ್ನು ಕಂಡರು. ದಪ್ಪ ಹರಳಿನಲ್ಲಿ ಕ್ಷೇತ್ರವು ಎಲೆಕ್ಟ್ರಾನನ್ನೂ ಅದು ಬಿಟ್ಟುಹೋದ ರಂಧ್ರವನ್ನೂ ಎಳೆದು ಅಗಲಿಸುತ್ತದೆ; ಹೀರಿಕೆಯ ಮೊನಚು, ಅಂದರೆ ಒಂದು ನಿರ್ದಿಷ್ಟ ಶಕ್ತಿಯಲ್ಲಿ ಹೀರಿಕೆ ಥಟ್ಟನೆ ಏರುವ ಗುಣ, ಮಾಸುತ್ತದೆ. ತೆಳುಪದರದ ಗೋಡೆಗಳು ಆ ಜೋಡಿಯನ್ನು ಅಗಲಗೊಡುವುದಿಲ್ಲ. ಹಾಗಾಗಿ ಮೊನಚು ಉಳಿದುಕೊಂಡೇ ಕಡಿಮೆ ಶಕ್ತಿಯ ಬೆಳಕಿನತ್ತ ಸರಿಯುತ್ತದೆ.

ಇದು ಕೆಲಸಕ್ಕೆ ಬಂದದ್ದು ಆಪ್ಟಿಕಲ್ ಫೈಬರ್ ಸಂಪರ್ಕದಲ್ಲಿ. ಸಂದೇಶ ಕಳಿಸಲು ಲೇಸರನ್ನೇ ಅವಸರವಸರವಾಗಿ ಹೊತ್ತಿಸಿ ಆರಿಸಿದರೆ ಅದರ ಬಣ್ಣ ಅಲುಗಾಡುತ್ತದೆ. ದೂರ ಸಾಗಿದಂತೆ ಬೆಳಕಿನ ಮಿಡಿತಗಳು ಹರಡಿ ಒಂದರೊಳಗೊಂದು ಕಲಸಿಹೋಗುತ್ತವೆ. ಅದಕ್ಕೇ ಲೇಸರನ್ನು ಸದಾ ಬೆಳಗಲು ಬಿಟ್ಟು, ಅದೇ ಚಿಪ್‌ನ ಮೇಲೆ ಅದರ ಮುಂದೆ ಇಂಥ ಪದರಗಳನ್ನು ಕೂರಿಸುತ್ತಾರೆ. ವೋಲ್ಟೇಜ್ ಕೊಟ್ಟಾಗ ಪದರ ಬೆಳಕನ್ನು ಹೀರುತ್ತದೆ, ತೆಗೆದಾಗ ಬಿಡುತ್ತದೆ. ಅಲುಗುವ ಭಾಗ ಒಂದೂ ಇಲ್ಲದ ಈ ಬಾಗಿಲು ಸೆಕೆಂಡಿಗೆ ಸಾವಿರ ಕೋಟಿ ಸಂಕೇತಗಳನ್ನು ಕಳಿಸಬಲ್ಲದು.