ಲಾಲ್‌ಬಾಗಿನ ಬಂಡೆಯ ಮೇಲೆ

ಕೇಳುಗರಿಗೆ ನಮಸ್ಕಾರ.

ಊರಿಂದ ನೆಂಟರು ಬಂದರೆ ನಮ್ಮ ಮನೆಯಲ್ಲಿ ಏಳುವ ಮೊದಲ ಮಾತು, "ಲಾಲ್‌ಬಾಗ್ ತೋರಿಸ್ಕೊಂಡು ಬಾ" ಅಂತ. ಅವರ ಕಣ್ಣು ಗಾಜಿನ ಮನೆಯ ಕಡೆಗೆ. ನಾನು ಮಾತ್ರ ಮೊದಲು ಬಂಡೆ ಹತ್ತಿಸುತ್ತೇನೆ, ಅದೂ ಚಪ್ಪಲಿ ಕೈಯಲ್ಲಿ ಹಿಡಿಸಿ. ಬೆಳಿಗ್ಗೆ ಆರೂವರೆಗೆ ಹೋದರೆ ಅಂಗಾಲು ತಣ್ಣಗಾಗುತ್ತದೆ. ಹನ್ನೊಂದಕ್ಕೆ ಹೋದರೆ ಅದೇ ಬಂಡೆ ಕಾದ ಕಾವಲಿ!

ಮೇಲೆ ಕೂತು ಸ್ವಲ್ಪ ಬಗ್ಗಿ ನೋಡಿ. ಬೂದು ಕಲ್ಲಿನೊಳಗೆ ಬಿಳಿ ಪಟ್ಟೆಗಳು ಬಳುಕಿಕೊಂಡು ಹೋಗಿವೆ, ರಾಗಿ ಗಂಜಿಗೆ ಹಾಲು ಹುಯ್ದು ಒಂದೇ ಸುತ್ತು ಕದಡಿದ ಹಾಗೆ. ನೆಲದಾಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಕಲ್ಲಿನ ಖನಿಜಗಳು ಬೇರೆಬೇರೆಯಾಗಿ ಪಟ್ಟೆಗಟ್ಟಿದ ಗುರುತು ಅದು. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲರ್ ನೈಸ್ ಅನ್ನುತ್ತಾರೆ. ವಯಸ್ಸು ಸುಮಾರು 300 ಕೋಟಿ ವರ್ಷ. ಸರ್ಕಾರ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿ, ಫಲಕವನ್ನೂ ನೆಟ್ಟಿದೆ. ಫಲಕಕ್ಕೆ ಒರಗಿಕೊಂಡು ಫೋಟೋ ತೆಗೆಸಿಕೊಳ್ಳುವವರು ಬಹಳ, ಓದುವವರು ಕಡಿಮೆ.

ಬಂಡೆಯ ನೆತ್ತಿಯಲ್ಲಿ ಕೆಂಪೇಗೌಡರ ಗೋಪುರ. ಊರು ಇಲ್ಲಿಯವರೆಗೆ ಬೆಳೆದೀತು ಎಂದು ನಾಲ್ಕು ದಿಕ್ಕಿಗೆ ಗೋಪುರ ಕಟ್ಟಿಸಿದರೆಂಬುದು ಜನರ ಮಾತು. ಈಗ ಇದರ ಪಕ್ಕ ನಿಂತು ಎತ್ತ ನೋಡಿದರೂ ಊರೇ.

ಇಷ್ಟು ಹಳೆಯ ಕಲ್ಲಿನ ಮುಂದೆ ತೋಟ ಇನ್ನೂ ಎಳೆಕೂಸು. 1760ರಲ್ಲಿ ಹೈದರಾಲಿ ಶುರು ಮಾಡಿದ್ದು. ಟಿಪ್ಪು ಹೊರದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ. ಈಗ 240 ಎಕರೆ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಹೂವಿನ ಪ್ರದರ್ಶನದ ದಿನಗಳಲ್ಲಿ ಅಲ್ಲಿ ಹೂವಿಗಿಂತ ತಲೆಗಳೇ ಹೆಚ್ಚು ಕಾಣುತ್ತವೆ, ಅದಿರಲಿ.

ನನಗೆ ಮೆಚ್ಚುಗೆಯಾಗುವುದು ಜರ್ಮನಿಯಿಂದ ಬಂದು ಈ ತೋಟವನ್ನು ನೋಡಿಕೊಂಡ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಲೆಕ್ಕಾಚಾರ. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ಬೀದಿ ಬರಿದಾಗಬಾರದು ಎಂದು ಊರಿಗೆ ಮರಗಳನ್ನು ಆರಿಸಿದವರು ಅವರು. ತೋಟದ ಪಕ್ಕದ ರಸ್ತೆಗೆ ಅವರದೇ ಹೆಸರು. ಆಟೋದವರ ಬಾಯಲ್ಲಿ ಆ ಹೆಸರು ದಿನಕ್ಕೊಂದು ರೂಪ ತಾಳುತ್ತದೆ.

ಹೋದ ಸಲ ನೆಂಟರ ಹುಡುಗನೊಬ್ಬ ಬಂಡೆ ಮೇಲೆ ಕೂತು ಕೇಳಿದ, "ಮಾವ, ಇದು ನಮ್ಮಜ್ಜಿಗಿಂತ ದೊಡ್ಡದಾ?" ಮುನ್ನೂರು ಕೋಟಿ ವರ್ಷ ಕಣೋ ಅಂದೆ. ಬೆರಳು ಮಡಚಿ ಎಣಿಸುತ್ತಲೇ ಇಳಿದ. ಗೇಟಿನ ಹತ್ತಿರ ಉಪ್ಪುಖಾರ ಹಚ್ಚಿದ ಮಾವಿನಕಾಯಿ ಕಂಡಿತು ನೋಡಿ, ಎಣಿಕೆ ಅಲ್ಲಿಗೇ ನಿಂತಿತು.

ನಮಸ್ಕಾರ.