ನಿಮ್ಮದೇ ಪುಸ್ತಕದಂಗಡಿ ಆನ್‌ಲೈನ್‌ನಲ್ಲಿ: ವೂಕಾಮರ್ಸ್ ಹಾಕಿದ ದಿನದಿಂದ ಮೊದಲ ಪಾರ್ಸೆಲ್ ತನಕ

[ದೃಶ್ಯ: ಮೇಜಿನ ಮೇಲೆ ಬಟ್ಟೆ ಬೈಂಡಿಂಗಿನ ಹಳೇ ರಿಜಿಸ್ಟರ್. ಹಾಳೆ ತಿರುವುವ ಕೈ.]

ನಮಸ್ಕಾರ. ಈ ರಿಜಿಸ್ಟರ್ ಶಿವಮೊಗ್ಗದ ನನ್ನ ಗೆಳೆಯನದು. ಅವನ ತಂದೆ ಸಣ್ಣ ಪ್ರಕಾಶನ ಶುರು ಮಾಡಿದಾಗ ಇಟ್ಟದ್ದು. ಎಡಗಡೆ ಓದುಗರ ಹೆಸರು, ಊರು, ಅಂಚೆ, ತಾಲ್ಲೂಕು. ಬಲಗಡೆ ಮನಿಯಾರ್ಡರ್ ಬಂದ ದಿನ, ಪುಸ್ತಕ ಕಳಿಸಿದ ದಿನ. ಹೊಸ ಪುಸ್ತಕ ಅಚ್ಚಾದಾಗಲೆಲ್ಲ ಈ ಹೆಸರುಗಳಿಗೆ ಒಂದೊಂದು ಕಾರ್ಡು ಹೋಗುತ್ತಿತ್ತು.

ಈಗ ಅವನ ಪುಸ್ತಕಗಳು ದೊಡ್ಡ ದೊಡ್ಡ ಮಾರಾಟ ತಾಣಗಳಲ್ಲಿ ಸಿಗುತ್ತವೆ. ಕಮಿಷನ್ ಕಳೆದು ದುಡ್ಡು ಬರುತ್ತದೆ. ಆದರೆ ಕೊಂಡವರು ಆ ತಾಣದ ಗಿರಾಕಿಗಳು. ಮುಂದಿನ ಪುಸ್ತಕ ಬಂತು ಅಂತ ಅವರಿಗೆ ನೇರವಾಗಿ ತಿಳಿಸಲು ಇವನಿಗೆ ದಾರಿಯಿಲ್ಲ. ರಿಜಿಸ್ಟರ್‌ನ ಕೊನೆಯ ಹಾಳೆಗಳು ಖಾಲಿ ಉಳಿದಿವೆ. ನನಗೆ ಅದನ್ನು ನೋಡಿ ನಿಜಕ್ಕೂ ಸಂಕಟವಾಯಿತು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ನಾಡು ಇದು. ಓದುಗರ ಮನೆಬಾಗಿಲು ಗೊತ್ತಿರಬೇಕಾದವರು ಪ್ರಕಾಶಕರೇ.

ಹಾಗಾಗಿ ನಾವಿಬ್ಬರೂ ಕೂತು ಅವನದೇ ಆನ್‌ಲೈನ್ ಅಂಗಡಿ ಕಟ್ಟಿದೆವು, ವೂಕಾಮರ್ಸ್ ಅನ್ನೋ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ, ತಂತ್ರಾಂಶದಲ್ಲಿ. ಅದು ಹೇಗೆ, ಎಲ್ಲಿ ಎಡವಿದೆವು ಅನ್ನೋದನ್ನು ಇವತ್ತು ಪೂರ್ತಿ ಹೇಳುತ್ತೇನೆ.

[ಪರದೆ ಮೇಲೆ: ಓಪನ್ ಸೋರ್ಸ್ ಅಂದರೆ ಏನು ಸಿಗುತ್ತದೆ?]

ಮೊದಲು ತಂತ್ರಾಂಶದ ಮಾತು. 2000ದಲ್ಲಿ ಜರ್ಮನಿಯಲ್ಲಿ ಓಎಸ್‌ಕಾಮರ್ಸ್ ಅನ್ನೋ ಶಾಪಿಂಗ್ ಕಾರ್ಟ್, ಅಂದರೆ ಆನ್‌ಲೈನ್ ಅಂಗಡಿಯ ತಂತ್ರಾಂಶ, ಶುರುವಾಯಿತು. ಅದರ ಕೋಡ್ ಎಲ್ಲರಿಗೂ ತೆರೆದಿತ್ತು. ಹಾಗಾಗಿ ಕೆಲವರು ಅದನ್ನೇ ತೆಗೆದುಕೊಂಡು ತಮಗೆ ಬೇಕಾದ ಹಾಗೆ ಬೆಳೆಸಿದರು, ಝೆನ್ ಕಾರ್ಟ್ ಆಯಿತು. ಮುಂದೆ ಜಿಗೋಶಾಪ್ ಅನ್ನೋದರ ಕೋಡ್ ಹಿಡಿದು ವೂಥೀಮ್ಸ್ ಕಂಪನಿ 2011ರಲ್ಲಿ ವೂಕಾಮರ್ಸ್ ಹೊರತಂದಿತು. 2015ರಲ್ಲಿ ಆ ಕಂಪನಿಯನ್ನು ಆಟೊಮ್ಯಾಟಿಕ್ ಕೊಂಡುಕೊಂಡಿತು. ಕಂಪನಿ ಕೈ ಬದಲಾಯಿತು, ಆದರೂ ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಹಂಚಬಹುದು ಅನ್ನುವ ಜಿಪಿಎಲ್ ಪರವಾನಗಿ ಹಾಗೇ ಇದೆ. ನಿಮ್ಮ ಸರ್ವರ್‌ನಲ್ಲಿರುವ ಪ್ರತಿ ನಿಮ್ಮದು, ಅದನ್ನು ಯಾರೂ ವಾಪಸ್ ಕೇಳುವ ಹಾಗಿಲ್ಲ.

ಹಾಗಂತ ಒಮ್ಮೆ ಹಾಕಿ ಮರೆತುಬಿಡುವ ವಸ್ತುವೂ ಅಲ್ಲ ಇದು. ಮ್ಯಾಜೆಂಟೊ ಅನ್ನೋ ಇನ್ನೊಂದು ಅಂಗಡಿ ತಂತ್ರಾಂಶದ ಮೊದಲ ಆವೃತ್ತಿಗೆ 2020ರ ಜೂನ್‌ನಲ್ಲಿ ಅಧಿಕೃತ ಬೆಂಬಲ ನಿಂತಿತು. ಅಷ್ಟರೊಳಗೆ ಬದಲಾಗದ ಅಂಗಡಿಗಳು ಪೇಚಿಗೆ ಸಿಕ್ಕವು. ಕೋಡ್ ತೆರೆದಿದ್ದರಿಂದ ಓಪನ್‌ಮೇಜ್ ಅನ್ನೋ ಹೆಸರಲ್ಲಿ ಒಂದಷ್ಟು ಜನ ಅದನ್ನು ಇನ್ನೂ ಕಾಯ್ದುಕೊಂಡು ಬಂದಿದ್ದಾರೆ. ಮುಚ್ಚಿದ ತಂತ್ರಾಂಶವಾಗಿದ್ದರೆ ಆ ಅವಕಾಶವೇ ಇರುತ್ತಿರಲಿಲ್ಲ.

ಓಪನ್‌ಕಾರ್ಟ್, ಪ್ರೆಸ್ಟಾಶಾಪ್ ಕೂಡ ಒಳ್ಳೆಯವೇ. ನಮ್ಮ ದೇಶದಲ್ಲೇ ಹುಟ್ಟಿದ ಬ್ಯಾಗಿಸ್ಟೊ ಇದೆ. ನಾವು ವೂಕಾಮರ್ಸ್ ಆರಿಸಿಕೊಂಡದ್ದಕ್ಕೆ ಕಾರಣ ಒಂದೇ: ಅದು ವರ್ಡ್‌ಪ್ರೆಸ್ ಅನ್ನೋ ಬರಹದ ತಾಣ ಕಟ್ಟುವ ತಂತ್ರಾಂಶದ ಮೇಲೆ ಕೂರುತ್ತದೆ, ಪುಸ್ತಕದಂಗಡಿಗೆ ಮಾರಾಟದಷ್ಟೇ ಬರಹವೂ ಬೇಕು. ಮುನ್ನುಡಿ, ಒಂದು ಅಧ್ಯಾಯ, ಲೇಖಕರ ಸಂದರ್ಶನ, ಎಲ್ಲ ಒಂದೇ ಮನೆಯಲ್ಲಿ.

[ಪರದೆ ಮೇಲೆ: ಖರ್ಚು]

ತಂತ್ರಾಂಶಕ್ಕೆ ದುಡ್ಡಿಲ್ಲ, ಜಾಗಕ್ಕೆ ಇದೆ. ಡೊಮೇನ್ ಹೆಸರಿಗೆ, ಅಂದರೆ ತಾಣದ ವಿಳಾಸಕ್ಕೆ, ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಹೋಸ್ಟಿಂಗ್‌ಗೆ, ಅಂದರೆ ತಾಣ ಇಡುವ ಸರ್ವರ್‌ನ ಬಾಡಿಗೆಗೆ, ಸಣ್ಣ ಅಂಗಡಿಯಾದರೆ ವರ್ಷಕ್ಕೆ ಕೆಲವು ಸಾವಿರ. ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗಬೇಡಿ, ಎರಡನೇ ವರ್ಷದ ನವೀಕರಣ ಎಷ್ಟು ಅಂತ ಕೇಳಿ. ತಾಣದ ಮಾಹಿತಿಯನ್ನು ಕಾಯುವ ಎಚ್‌ಟಿಟಿಪಿಎಸ್ ಬೀಗಕ್ಕೆ ದುಡ್ಡು ಕೊಡಬೇಕಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಉಚಿತ. ಹೆಚ್ಚಿನ ಹೋಸ್ಟಿಂಗ್‌ನವರು ಒಂದೇ ಕ್ಲಿಕ್ಕಿನಲ್ಲಿ ಹಾಕಿಕೊಡುತ್ತಾರೆ.

ಡೊಮೇನ್ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇರಲಿ. ಇದನ್ನು ಒತ್ತಿ ಹೇಳುತ್ತೇನೆ. ಗೆಳೆಯನಿಗೆ ಮೊದಲೊಂದು ವೆಬ್‌ಸೈಟ್ ಇತ್ತು. ಮಾಡಿಕೊಟ್ಟವರು ಡೊಮೇನನ್ನು ತಮ್ಮ ಹೆಸರಲ್ಲೇ ನೋಂದಾಯಿಸಿದ್ದರು. ಆಮೇಲೆ ಫೋನ್ ಎತ್ತುವುದನ್ನು ಬಿಟ್ಟರು, ಅವಧಿ ಮುಗಿಯಿತು, ಹೆಸರು ಬೇರೆಯವರ ಪಾಲಾಯಿತು. ಪುಸ್ತಕಗಳ ಹಿಂಬದಿ ರಕ್ಷಾಪುಟದಲ್ಲಿ ಆ ವಿಳಾಸ ಅಚ್ಚಾಗಿತ್ತು. ಅಚ್ಚಾದ ಪ್ರತಿಗಳ ಮೇಲೆಲ್ಲ ಅವನು ಕೂತು ಚೀಟಿ ಅಂಟಿಸಿದ.

[ದೃಶ್ಯ: ಹಿಂಬದಿ ರಕ್ಷಾಪುಟದ ಮೇಲೆ ಅಂಟಿಸಿದ ಬಿಳಿ ಚೀಟಿ]

ವರ್ಡ್‌ಪ್ರೆಸ್ ಹಾಕುವುದು, ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯಗಳ, ವಿಭಾಗದಲ್ಲಿ ವೂಕಾಮರ್ಸ್ ಹುಡುಕಿ ಹಾಕುವುದು ಹದಿನೈದು ನಿಮಿಷದ ಕೆಲಸ. ಅದನ್ನು ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ, ಇಲ್ಲಿ ಬೆಳೆಸುವುದಿಲ್ಲ. ಕನ್ನಡ ಪುಸ್ತಕ ಏರಿಸುವಾಗ ಬರುವ ತೊಂದರೆಗಳನ್ನು ಅವುಗಳಲ್ಲಿ ಯಾರೂ ಹೇಳುವುದಿಲ್ಲ. ಅದಕ್ಕೆ ಬರೋಣ.

[ಪರದೆ ಮೇಲೆ: ಪುಸ್ತಕ ಏರಿಸುವುದು]

ಪುಸ್ತಕದ ಬೆನ್ನುಡಿ ನಿಮ್ಮ ಹತ್ತಿರ ಪೇಜ್‌ಮೇಕರ್ ಫೈಲಿನಲ್ಲಿ, ನುಡಿ ಅಥವಾ ಶ್ರೀಲಿಪಿ ಅಕ್ಷರದಲ್ಲಿ ಇರುತ್ತದೆ. ಅದನ್ನು ಕಾಪಿ ಮಾಡಿ ವೆಬ್‌ಸೈಟಿಗೆ ಅಂಟಿಸಿದರೆ ಕನ್ನಡ ಬರುವುದಿಲ್ಲ. ಕೊಂಬು, ದೀರ್ಘ ಎಲ್ಲ ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರಗಳಾಗಿ ಬೀಳುತ್ತವೆ. ಈ ಹಳೇ ಆಸ್ಕಿ ಅಕ್ಷರದಿಂದ ವೆಬ್‌ಗೆ ಬೇಕಾದ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಬಳಸಿ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಲೇಖಕರ ಹೆಸರೇ ತಪ್ಪಾಗಿ ಬಿದ್ದಿದ್ದನ್ನು ನಾವು ಎರಡು ದಿನ ಗಮನಿಸಿರಲಿಲ್ಲ.

ಎರಡನೆಯದು ಪುಟದ ವಿಳಾಸ. ಹೆಸರು ಕನ್ನಡದಲ್ಲಿ ಕೊಟ್ಟರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಹಂಚಿದರೆ ಶೇಕಡಾ ಚಿಹ್ನೆಗಳ ಮಾರುದ್ದ ಸಾಲಾಗಿಬಿಡುತ್ತದೆ. ನೋಡಿದವರು ಏನೋ ವೈರಸ್ ಅಂದುಕೊಂಡು ಒತ್ತುವುದೇ ಇಲ್ಲ. ಪುಸ್ತಕದ ಹೆಸರು ಕನ್ನಡದಲ್ಲಿರಲಿ, ವಿಳಾಸದ ಭಾಗವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಿರಿ. ಹುಡುಕುವವರಲ್ಲೂ ಬಹಳ ಜನ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಾರೆ. ಹಾಗಾಗಿ ಚಿಕ್ಕ ವಿವರಣೆಯ ಕೊನೆಯಲ್ಲಿ ಪುಸ್ತಕ ಮತ್ತು ಲೇಖಕರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಒಮ್ಮೆ ಹಾಕಿ. ಅಂಗಡಿಯ ಹುಡುಕುಪೆಟ್ಟಿಗೆ ಅದನ್ನೂ ಓದುತ್ತದೆ.

ಮೂರನೆಯದು ಮುಖಪುಟ ಚಿತ್ರ. ವೂಕಾಮರ್ಸ್ ಪಟ್ಟಿಯ ಚಿತ್ರಗಳನ್ನು ಚೌಕಾಕಾರಕ್ಕೆ ಕತ್ತರಿಸುತ್ತದೆ. ಪುಸ್ತಕ ಚೌಕ ಅಲ್ಲವಲ್ಲ! ಮೇಲೆ ಶೀರ್ಷಿಕೆಯ ತಲೆ ಹೋಗುತ್ತದೆ, ಕೆಳಗೆ ಲೇಖಕರ ಹೆಸರು ಹೋಗುತ್ತದೆ. ಥೀಮ್, ಅಂದರೆ ತಾಣದ ವಿನ್ಯಾಸ, ಹೊಂದಿಸುವ ಪುಟದಲ್ಲಿ ಚಿತ್ರ ಕತ್ತರಿಸಬೇಡ ಅನ್ನುವ ಆಯ್ಕೆ ಇದೆ, ಅದನ್ನು ಒತ್ತಿ.

ಗುಂಡಿಗಳ ಮೇಲಿನ ಮಾತನ್ನೂ ಕನ್ನಡ ಮಾಡಬಹುದು. ಲೋಕೊ ಟ್ರಾನ್ಸ್‌ಲೇಟ್ ಅನ್ನೋ ಪ್ಲಗಿನ್ನಿನಲ್ಲಿ ಒಂದೊಂದೇ ಪದ ಬದಲಿಸುತ್ತಾ ಹೋಗಿ. ಕಾರ್ಟ್ ಅನ್ನೋದಕ್ಕೆ ನಾವು ಬಹಳ ಹೊತ್ತು ಚರ್ಚೆ ಮಾಡಿದೆವು. ಬಂಡಿ, ಬುಟ್ಟಿ, ಗಾಡಿ. ಕೊನೆಗೆ 'ಚೀಲಕ್ಕೆ ಹಾಕಿ' ಅಂತ ಇಟ್ಟೆವು. ಪುಸ್ತಕದಂಗಡಿಗೆ ಹೋದವರು ಹೆಗಲಿಗೆ ಚೀಲ ಹಾಕಿಕೊಂಡೇ ಹೋಗುತ್ತಾರೆ, ನನಗೆ ಅದೇ ಸರಿ ಅನ್ನಿಸಿತು.

ವಿಳಾಸದ ಅರ್ಜಿಯನ್ನೂ ನಮ್ಮ ಊರುಗಳಿಗೆ ಹೊಂದುವ ಹಾಗೆ ತಿದ್ದಿ. ಅಡ್ಡಹೆಸರು ಕಡ್ಡಾಯ ಅನ್ನೋದನ್ನು ತೆಗೆಯಿರಿ. ಎಷ್ಟೋ ಜನರಿಗೆ ಇನಿಷಿಯಲ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಎರಡನೇ ಸಾಲಿಗೆ 'ಅಂಚೆ, ತಾಲ್ಲೂಕು' ಅಂತ ಹೆಸರು ಕೊಡಿ. ಫೋನ್ ನಂಬರ್ ಕಡ್ಡಾಯ ಇರಲಿ, ಹಳ್ಳಿಯ ಪಾರ್ಸೆಲ್‌ಗೆ ಪೋಸ್ಟ್‌ಮ್ಯಾನ್ ಕೇಳುವುದೇ ಅದನ್ನು.

[ಪರದೆ ಮೇಲೆ: ದುಡ್ಡು ಬರುವ ದಾರಿ]

ಇಲ್ಲಿ ನಿಧಾನವಾಗಿ ಕೇಳಿ. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು ಥರದ, ಗಿರಾಕಿಯ ದುಡ್ಡನ್ನು ನಿಮಗೆ ಮುಟ್ಟಿಸುವ ಪೇಮೆಂಟ್ ಗೇಟ್‌ವೇ ಒಂದರಲ್ಲಿ ಖಾತೆ ಬೇಕು. ಪ್ಯಾನ್, ಬ್ಯಾಂಕ್ ಖಾತೆ ಕೇಳುತ್ತಾರೆ. ಜೊತೆಗೆ ನಿಮ್ಮ ತಾಣದಲ್ಲಿ ಸಂಪರ್ಕ, ನಿಯಮಗಳು, ಹಣ ವಾಪಸಾತಿ, ಸಾಗಣೆ, ಖಾಸಗಿತನ, ಈ ಪುಟಗಳಿವೆಯೇ ಅಂತ ನೋಡುತ್ತಾರೆ. ಮೊದಲೇ ಬರೆದಿಟ್ಟುಕೊಂಡರೆ ಒಂದು ವಾರ ಉಳಿಯುತ್ತದೆ.

ಶುಲ್ಕ ಸಾಮಾನ್ಯವಾಗಿ ನೂರಕ್ಕೆ 2 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. 250 ರೂಪಾಯಿ ಪುಸ್ತಕಕ್ಕೆ 5 ರೂಪಾಯಿ 90 ಪೈಸೆ ಹೋಗುತ್ತದೆ. ಯುಪಿಐ ಮೇಲೆ ಎಂಡಿಆರ್, ಅಂದರೆ ಪಾವತಿಗೆ ವ್ಯಾಪಾರಿಯಿಂದ ಹಿಡಿಯುವ ಶುಲ್ಕ, 2020ರ ಜನವರಿಯಿಂದ ಸೊನ್ನೆ. ಆದರೂ ಗೇಟ್‌ವೇ ತನ್ನ ಸೇವೆಗೆ ಶುಲ್ಕ ಹಾಕಬಹುದು, ಒಪ್ಪಂದ ಓದಿ. ಗಿರಾಕಿಯ ಕಾರ್ಡ್ ನಂಬರ್ ನಿಮ್ಮ ಹತ್ತಿರ ಇಟ್ಟುಕೊಳ್ಳುವ ಪ್ರಶ್ನೆಯೇ ಇಲ್ಲ. 2022ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮವೇ ಅದನ್ನು ತಡೆಯುತ್ತದೆ.

ನಮಗೆ ಆದದ್ದು ಹೇಳುತ್ತೇನೆ. ಅಂಗಡಿ ತೆರೆದ ಮೊದಲ ವಾರ, ಗದಗದ ಒಬ್ಬ ಮೇಷ್ಟ್ರು ಮೂರು ಪುಸ್ತಕ ಆರ್ಡರ್ ಮಾಡಿ ಫೋನಿನಲ್ಲಿ ಯುಪಿಐ ಮಾಡಿದರು. ದುಡ್ಡು ಅವರ ಖಾತೆಯಿಂದ ಹೋಯಿತು. ನಮ್ಮ ಪರದೆಯಲ್ಲಿ ಮಾತ್ರ 'ಪಾವತಿ ಬಾಕಿ' ಅಂತಲೇ ಇತ್ತು. ಒಂದು ಗಂಟೆ ಆದಮೇಲೆ ಆರ್ಡರ್ ತಾನಾಗಿ ರದ್ದಾಯಿತು, ಅವರಿಗೆ ಏನೂ ತಿಳಿಯಲಿಲ್ಲ. ಮೂರನೇ ದಿನ ಫೋನ್ ಮಾಡಿ, ಬಹಳ ಮೆತ್ತಗೆ, "ಸರ, ಪುಸ್ತಕ ಕಳಿಸೀರೇನ್ರಿ?" ಅಂದರು. ಗೆಳೆಯನ ಮುಖ ನೋಡಲಾಗಲಿಲ್ಲ.

ಕಾರಣ ಇಷ್ಟು. ಅವರು ಯುಪಿಐ ಆ್ಯಪ್‌ನಲ್ಲಿ ದುಡ್ಡು ಕಳಿಸಿ, ವಾಪಸ್ ಬ್ರೌಸರ್‌ಗೆ ಬರದೆ ಫೋನ್ ಇಟ್ಟುಬಿಟ್ಟರು. ಎಲ್ಲರೂ ಹಾಗೇ ಮಾಡುತ್ತಾರೆ. ಬ್ರೌಸರ್‌ಗೆ ಬರದಿದ್ದರೆ ಅಂಗಡಿಗೆ ಸುದ್ದಿ ಮುಟ್ಟಿಸುವುದಕ್ಕೆ ವೆಬ್‌ಹುಕ್ ಅನ್ನೋ ಬೇರೆ ದಾರಿ ಇದೆ. ಗೇಟ್‌ವೇ ನೇರವಾಗಿ ನಿಮ್ಮ ಸರ್ವರ್‌ಗೆ ಹೇಳುತ್ತದೆ, ಈ ಆರ್ಡರಿನ ದುಡ್ಡು ಬಂತು ಅಂತ. ನಾವು ಅದನ್ನು ಹೊಂದಿಸಿರಲಿಲ್ಲ. ದುಡ್ಡು ಬಾರದ ಆರ್ಡರನ್ನು 60 ನಿಮಿಷಕ್ಕೆ ರದ್ದು ಮಾಡುವುದು ವೂಕಾಮರ್ಸ್‌ನ ಮೂಲ ಹೊಂದಾಣಿಕೆ. ಗೇಟ್‌ವೇ ಖಾತೆಯಲ್ಲಿ ವೆಬ್‌ಹುಕ್ ವಿಳಾಸ, ಗುಪ್ತಪದ ಎರಡನ್ನೂ ಹಾಕಿ. ಆಮೇಲೆ ಬೇಕೆಂದೇ ಬ್ರೌಸರ್ ಮುಚ್ಚಿ ಒಂದು ಪಾವತಿ ಮಾಡಿ ನೋಡಿ.

ಆರ್ಡರ್ ಇಮೇಲ್‌ಗಳದೂ ಇದೇ ಕಥೆ. ಸರ್ವರ್ ತಾನೇ ಕಳಿಸುವ ಇಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ಎಸ್‌ಎಂಟಿಪಿ ಪ್ಲಗಿನ್ ಹಾಕಿ ಸರಿಯಾದ ಇಮೇಲ್ ಖಾತೆ ಮೂಲಕ ಕಳಿಸಿ.

[ಪರದೆ ಮೇಲೆ: ತೂಕ ಮತ್ತು ಅಂಚೆ. ತಕ್ಕಡಿಯ ಮೇಲೆ ಪುಸ್ತಕ.]

ಪುಸ್ತಕ ವ್ಯಾಪಾರದಲ್ಲಿ ಲಾಭ ನಷ್ಟ ತೀರ್ಮಾನ ಆಗುವುದು ಈ ತಕ್ಕಡಿಯ ಮೇಲೆ. ಅಂಚೆ ಇಲಾಖೆ 2025ರ ಮೇ 1ರಿಂದ ಜ್ಞಾನ್ ಪೋಸ್ಟ್ ಶುರು ಮಾಡಿದೆ, ಶೈಕ್ಷಣಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ. ಶುರುವಾದಾಗ 300 ಗ್ರಾಂ ತನಕ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಜಾಹೀರಾತು ಇರುವ ಪ್ರಕಟಣೆಗೆ, ನಿಯತಕಾಲಿಕಗಳಿಗೆ ಇದು ಸಿಗುವುದಿಲ್ಲ. ನಿಮ್ಮ ಪುಸ್ತಕ ಸೇರುತ್ತದೆಯೇ ಅಂತ ಒಂದು ಪ್ರತಿ ಹಿಡಿದು ಅಂಚೆ ಕಚೇರಿಗೆ ಹೋಗಿ ಕೇಳಿ.

ಈಗ ಲೆಕ್ಕ ನೋಡಿ. ಡೆಮಿ 1/8 ಅನ್ನೋ ಪುಸ್ತಕದ ಆಕಾರ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್‌ಲಿಥೋ ಕಾಗದ, 200 ಪುಟ. ಒಳಪುಟ, ರಕ್ಷಾಪುಟ ಸೇರಿ 230 ಗ್ರಾಂ ಹತ್ತಿರ. ಕಾಗದ, ರಟ್ಟು ಹಾಕಿ ಕಟ್ಟಿದರೂ 300ರೊಳಗೆ ನಿಲ್ಲುತ್ತದೆ. ಅದೇ ಪುಸ್ತಕ 240 ಪುಟ ಆದರೆ ಕಟ್ಟಿದ ಮೇಲೆ 300 ದಾಟುತ್ತದೆ. ಅಚ್ಚಿಗೆ ಕೊಡುವ ಮುಂಚೆಯೇ ಇದು ತಲೆಯಲ್ಲಿರಲಿ ಅಂತ ಗೆಳೆಯನಿಗೆ ಹೇಳಿದ್ದೇನೆ.

ವೂಕಾಮರ್ಸ್‌ನಲ್ಲಿ ಶಿಪ್ಪಿಂಗ್ ಕ್ಲಾಸ್ ಅಂತ ಇದೆ. 'ತೆಳು ಪುಸ್ತಕ', 'ದಪ್ಪ ಪುಸ್ತಕ', 'ಸಂಪುಟ' ಅಂತ ಮೂರು ಮಾಡಿ, ಒಂದೊಂದಕ್ಕೂ ದರ ಹಾಕಿ. ದುಡ್ಡು ಕೊಟ್ಟು ಕೊಳ್ಳುವ ಪ್ಲಗಿನ್ ಇದಕ್ಕೆ ಬೇಡ. ಕ್ಯಾಶ್ ಆನ್ ಡೆಲಿವರಿ ಶುರುವಿನಲ್ಲಿ ಬೇಡ ಅನ್ನೋದು ನನ್ನ ಅಭಿಪ್ರಾಯ. ವಾಪಸ್ ಬಂದ ಒಂದು ಪಾರ್ಸೆಲ್ ನಾಲ್ಕು ಪುಸ್ತಕದ ಲಾಭ ತಿನ್ನುತ್ತದೆ.

ದಾಸ್ತಾನು ವಿಚಾರ. 300 ಪ್ರತಿ ಇದ್ದರೆ 300 ಅಂತಲೇ ತುಂಬಬೇಡಿ. ಅಂಗಡಿಗೆ ಬಂದವರೂ ಕೊಳ್ಳುತ್ತಾರೆ, ಸಮ್ಮೇಳನದ ಮಳಿಗೆಗೂ ಹೋಗುತ್ತದೆ. ಐವತ್ತು ಬೇರೆ ಕಪಾಟಿನಲ್ಲಿಟ್ಟು ಆ ಐವತ್ತನ್ನು ಮಾತ್ರ ತೋರಿಸಿ.

ತೆರಿಗೆ: ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಬರೀ ಅದನ್ನೇ ಮಾರುವವರಿಗೆ ನೋಂದಣಿಯೂ ಕಡ್ಡಾಯವಲ್ಲ. ಡೈರಿ, ಟೀ ಶರ್ಟ್, ಇ-ಬುಕ್ ಸೇರಿಸಿದಿರೋ ಲೆಕ್ಕ ಬೇರೆ, ಆಡಿಟರ್ ಹತ್ತಿರ ಹೋಗಿ. ಇನ್ನು 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳ ಪ್ರಕಾರ ದೂರು ಕೇಳುವವರ ಹೆಸರು, ಫೋನ್ ತಾಣದಲ್ಲಿರಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿತು ಅಂತ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಗೆಳೆಯ ತನ್ನ ಹೆಸರನ್ನೇ ಹಾಕಿಕೊಂಡಿದ್ದಾನೆ.

ಕಾವಲು ಕೆಲಸ ವಾರಕ್ಕೆ ಅರ್ಧ ಗಂಟೆ. ಮೊದಲು ಬ್ಯಾಕಪ್, ಆಮೇಲೆ ಅಪ್‌ಡೇಟ್, ಈ ಕ್ರಮ ತಪ್ಪಬಾರದು. ಬ್ಯಾಕಪ್ ಅದೇ ಸರ್ವರ್‌ನಲ್ಲಿದ್ದರೆ ಪ್ರಯೋಜನವಿಲ್ಲ, ನಿಮ್ಮ ಡ್ರೈವ್‌ಗೆ ಇಳಿಸಿಕೊಳ್ಳಿ. ದುಡ್ಡಿನ ಪ್ಲಗಿನ್ನಿನ ಕದ್ದ ಪ್ರತಿ ಯಾರಾದರೂ ಪುಕ್ಕಟೆ ಕೊಟ್ಟರೆ ಮುಟ್ಟಬೇಡಿ, ಒಳಗೆ ಹುಳ ಬಿಟ್ಟಿರುತ್ತಾರೆ.

[ದೃಶ್ಯ: ಫೋನಿನಲ್ಲಿ ಅಂಗಡಿಯ ಪುಟ]

ಲಿಂಕ್ ಹಂಚುವ ಮುಂಚೆ ನಿಮ್ಮ ಅಂಗಡಿಯಿಂದ ನೀವೇ ಒಂದು ಪುಸ್ತಕ ಕೊಳ್ಳಿ. ಪರೀಕ್ಷಾ ಮೋಡ್ ಬೇಡ, ನಿಜವಾದ ದುಡ್ಡು ಕೊಟ್ಟು, ಬೇರೆ ಊರಿನ ನೆಂಟರ ವಿಳಾಸಕ್ಕೆ. ಇಮೇಲ್ ಬಂತೇ, ಬ್ಯಾಂಕಿಗೆ ದುಡ್ಡು ಯಾವ ದಿನ ಬಿತ್ತು, ಪಾರ್ಸೆಲ್ ಮೂಲೆ ನುಗ್ಗಾಗದೆ ಹೋಯಿತೇ ಅಂತ ನೋಡಿ. ನಾವು ಬೆಳಗಾವಿಯಲ್ಲಿರುವ ಅವನ ಅತ್ತೆಗೆ ಕಳಿಸಿದ್ದೆವು. ಐದನೇ ದಿನ ಅತ್ತೆ ಫೋಟೋ ಹಾಕಿದರು, ಪುಸ್ತಕದ ಕೆಳಮೂಲೆ ಮಡಚಿತ್ತು. ಅಂದಿನಿಂದ ಎರಡೂ ಬದಿಗೆ ರಟ್ಟು.

ವೂಕಾಮರ್ಸ್‌ನಿಂದ ಗಿರಾಕಿಗಳ ಪಟ್ಟಿಯನ್ನು ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದು, ಹೆಸರು, ಊರು, ಪಿನ್‌ಕೋಡ್ ಸಮೇತ. ಹೊಸ ಪುಸ್ತಕದ ಸುದ್ದಿ ಕಳಿಸಲೇ ಅಂತ ಆರ್ಡರ್ ಮಾಡುವಾಗಲೇ ಒಂದು ಚೌಕದಲ್ಲಿ ಒಪ್ಪಿಗೆ ಕೇಳಿ, ಒಪ್ಪಿದವರಿಗೆ ಮಾತ್ರ ಕಳಿಸಿ. ಗೆಳೆಯ ಪ್ರತಿ ತಿಂಗಳು ಆ ಪಟ್ಟಿ ಇಳಿಸುತ್ತಾನೆ. ಇಳಿಸಿ, ಈ ರಿಜಿಸ್ಟರ್ ತೆಗೆದು, ಖಾಲಿ ಉಳಿದಿದ್ದ ಹಾಳೆಗಳಲ್ಲಿ ಪೆನ್ನಿನಲ್ಲಿ ಬರೆಯುತ್ತಾನೆ.

[ದೃಶ್ಯ: ರಿಜಿಸ್ಟರ್‌ನ ಹೊಸ ಹಾಳೆ. ಮೊದಲ ಸಾಲಿನಲ್ಲಿ ಊರಿನ ಹೆಸರು: ಗದಗ.]