ನಲ್ಲಿಯ ಕೆಳಗೆ ಒಂದು ಬಕೆಟ್

ಕೇಳುಗರಿಗೆಲ್ಲ ನಮಸ್ಕಾರ, ಅಸ್ಸಲಾಮು ಅಲೈಕುಮ್. ಮಾತಾಡೋಕೆ ರೇಡಿಯೋದವರು ‘ಇಸ್ಲಾಂ ಮತ್ತು ಪರಿಸರ’ ಅಂತ ದೊಡ್ಡ ವಿಷಯ ಕೊಟ್ಟಿದ್ದಾರೆ. ನಾನು ನಲ್ಲಿಯ ಬಗ್ಗೆ ಮಾತ್ರ ಮಾತಾಡುತ್ತೇನೆ. ಮೂವತ್ತು ವರ್ಷ ನೀರಿನ ಪೈಪಿನ ಜೊತೆ ಏಗಿದವನಿಗೆ ಬೇರೇನು ಗೊತ್ತಿರುತ್ತೆ ಹೇಳಿ?

ನಮಾಜಿಗೆ ಮುಂಚೆ ಕೈ, ಬಾಯಿ, ಮುಖ ತೊಳೆದು, ತಲೆ ಸವರಿ, ಕಾಲು ತೊಳೆಯುವುದಕ್ಕೆ ನಾವು ವುಝೂ ಅನ್ನುತ್ತೇವೆ. ಪ್ರವಾದಿ ಮುಹಮ್ಮದರು ಒಂದು ‘ಮುದ್ದ್’ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು ಅಂತ ಹದೀಸ್, ಅಂದರೆ ಅವರ ನಡೆ-ನುಡಿಯ ವರದಿ, ಇದೆ. ಮುದ್ದ್ ಅಂದರೆ ಒಂದು ಬೊಗಸೆ. ಲೀಟರಿಗಿಂತ ಕಡಿಮೆ. ನಾವು?

ಒಂದು ಶುಕ್ರವಾರ ನಮ್ಮೂರ ಮಸೀದಿಯಲ್ಲಿ ಕಮಿಟಿಯವರನ್ನು ಕೇಳಿಕೊಂಡು ನಲ್ಲಿಯ ಕೆಳಗೆ ಬಕೆಟ್ ಇಟ್ಟೆ. ಮೊದಲು ಬಂದವನು ಕಾಲೇಜು ಹುಡುಗ. ಅಳೆದರೆ 8 ಲೀಟರ್. “ನಲ್ಲಿ ಲೂಸಾಗಿದೆ ಸಾರ್” ಅಂದ. ಕಮಿಟಿಯ ಹಿರಿಯರೊಬ್ಬರು “ಈಗಿನ ಹುಡುಗರೇ ಹೀಗೆ” ಅಂತ ತಾವೇ ಕೂತರು. ತೋಳು ತೊಳೆದರು. ತಲೆ ಸವರಿದರು. ಅದಕ್ಕೆ ಒದ್ದೆ ಕೈ ಸಾಕು, ಅಲ್ವಾ? ಅಷ್ಟು ಹೊತ್ತೂ ನಲ್ಲಿ ಸುಮ್ನೆ ಸುರಿಯುತ್ತಲೇ ಇತ್ತು. 11 ಲೀಟರ್! ಯಾರೂ ನಗಲಿಲ್ಲ. ನಾನೂ ಹೇಗೋ ತಡೆದುಕೊಂಡೆ. ಆಮೇಲೆ ಬಾವಿ ಸೇದಿ ಬೆಳೆದ ಒಬ್ಬ ಅಜ್ಜ ಬಂದರು. “ನಂಗೆ ನಲ್ಲಿ ಬೇಡ ಮಗಾ, ಚೊಂಬು ಕೊಡು” ಅಂದರು. ಒಂದೇ ಚೊಂಬಿನಲ್ಲಿ ಕಾಲಿನವರೆಗೂ ಮುಗಿಸಿ, ತಳದಲ್ಲಿ ಉಳಿದದ್ದನ್ನು ಕರಿಬೇವಿನ ಗಿಡಕ್ಕೆ ಸುರಿದರು.

“ವುಝೂನಲ್ಲೂ ದುಂದು ಅಂತ ಇದೆಯಾ?” ಅಂತ ಪ್ರವಾದಿಯವರ ಸಂಗಾತಿ ಸಅದ್ ಕೇಳಿದ್ದಕ್ಕೆ, “ಹೌದು, ಹರಿಯುವ ಹೊಳೆಯ ದಡದಲ್ಲಿದ್ದರೂ” ಅಂದರು ಪ್ರವಾದಿಯವರು. ಇಬ್ನ್ ಮಾಜಾ ಅವರ ಹದೀಸ್ ಸಂಗ್ರಹದಲ್ಲಿದೆ. ಹೊಳೆಯ ದಡದಲ್ಲೇ ಸಲ್ಲದ್ದು ಬೋರ್‌ವೆಲ್ ನೀರಿಗೆ ಸಲ್ಲುತ್ತದೆಯೇ?

ಪರಿಸರಕ್ಕಾಗಿ ಸಸಿ ನೆಡಿ, ಬೇಡ ಅನ್ನುವುದಿಲ್ಲ. ಆದರೆ ಫೋಟೋ ಆದ ಮೇಲೆ ಅದಕ್ಕೆ ನೀರು ಹಾಕುವವರು ಯಾರು? ಮೊದಲು ನಲ್ಲಿ ನಿಲ್ಲಿಸಿ.

ಇಂಡೋನೇಷ್ಯಾದ ಜಕಾರ್ತಾ ನಗರದ ಇಸ್ತಿಕ್ಲಾಲ್ ಮಸೀದಿಗೆ 2022ರಲ್ಲಿ ‘ಎಡ್ಜ್’ ಎಂಬ ಹಸಿರು ಕಟ್ಟಡದ ಪ್ರಮಾಣಪತ್ರ ಸಿಕ್ಕಿತು. ಪ್ರಾರ್ಥನಾ ಸ್ಥಳವೊಂದಕ್ಕೆ ಅದು ಸಿಕ್ಕಿದ್ದು ಜಗತ್ತಿನಲ್ಲೇ ಮೊದಲು. ಎಲ್ಲರೂ ಅಲ್ಲಿನ ಸುಮಾರು 500 ಸೋಲಾರ್ ಪ್ಯಾನೆಲ್ ಹೊಗಳುತ್ತಾರೆ. ನಾನು ಹೊಗಳುವುದು ನೀರು ಕಡಿಮೆ ಬಿಡುವ ಅಲ್ಲಿನ ನಲ್ಲಿಗಳನ್ನು. ಅಂತರ್ಜಲ ಎತ್ತಿ ಎತ್ತಿ ನೆಲವೇ ಕುಸಿಯುತ್ತಿರುವ ಊರು ಅದು.

ಡೈನಮೈಟ್ ಸಿಡಿಸಿ ಮೀನು ಹಿಡಿಯುವುದನ್ನು ಕೈಬಿಟ್ಟ ಆಫ್ರಿಕಾದ ಜಾಂಜಿಬಾರ್ ದ್ವೀಪಗಳ ಮೀನುಗಾರರ ಕಥೆಯೂ ಇತ್ತು. ಸ್ಟುಡಿಯೋ ಗಾಜಿನಾಚೆಯಿಂದ ರೇಡಿಯೋದವರು ಕೈ ತೋರಿಸುತ್ತಿದ್ದಾರೆ, ಟೈಮಿಲ್ಲ.

ನಮ್ಮೂರ ಮಸೀದಿಯಲ್ಲಿ ಈಗ ನಲ್ಲಿಗಳ ಪಕ್ಕ ಮೂರು ಚೊಂಬು ಇಟ್ಟಿದ್ದಾರೆ. ಆ 11 ಲೀಟರಿನ ಹಿರಿಯರು ಮಾತ್ರ ಮನೆಯಲ್ಲೇ ವುಝೂ ಮುಗಿಸಿಕೊಂಡು ಬರುತ್ತಾರೆ.